ವಿಷದ ವರದಿಯ ಅಂಕಿ ಮತ್ತು ಮನೆಯವರ ಮಾತು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಪಾಲಕರು ಹಾಗೂ ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)





ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕರೊಬ್ಬರು ವಿಷದ ಬಗ್ಗೆ ಏಕೆ ಮಾತನಾಡಬೇಕು ಎಂದು ನಿಮಗೆ ಅನಿಸಬಹುದು. ನಾನು ವೈದ್ಯರಲ್ಲ, ಬಿ.ಎಡ್. ಮಾಡಿದ ಭಾಷಾ ಶಿಕ್ಷಕ. ಆದರೆ ಈ ವಿಷಯ ನನ್ನ ಬಳಿ ಮೊದಲು ಬಂದದ್ದೇ ಭಾಷೆಯ ಪ್ರಶ್ನೆಯಾಗಿ. ನಮ್ಮ ಕಕ್ಕೇರಾ ಭಾಗದಲ್ಲಿ ಹತ್ತಿ ಹೊಲಕ್ಕೆ ಹೊಡೆಯುವುದೂ 'ಔಷಧ', ಡಾಕ್ಟರು ಬರೆದುಕೊಡುವುದೂ 'ಔಷಧ'. ಮನೆಯಲ್ಲಿ ನಾವಾಡುವ ದಖ್ಖನಿಯಲ್ಲೂ ಹಾಗೆಯೇ, ಎರಡಕ್ಕೂ 'ದವಾ'. "ಅವನು ಔಷಧ ಕುಡಿದಾನ" ಎಂದು ಯಾರಾದರೂ ಓಡಿಬಂದು ಹೇಳಿದರೆ, ಯಾವ ಔಷಧ ಎಂದು ಮತ್ತೊಮ್ಮೆ ಕೇಳಬೇಕಾಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಆ ಮರುಪ್ರಶ್ನೆಗೆ ಉತ್ತರ ಸಿಗದೆ ಹೋದಾಗ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಸೋದರಮಾವನಿಗೆ, ನಾವು ಮಾಮು ಎನ್ನುತ್ತೇವೆ, ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಒಂದು ಸಲ ಅವರಿಗೆ ಬಿಕ್ಕಳಿಕೆ ಹತ್ತಿತು. ಎರಡು ದಿನವಾದರೂ ನಿಲ್ಲಲಿಲ್ಲ. ಒಂದು ದವಾಖಾನೆಗೆ ತೋರಿಸಿ ಗುಳಿಗೆ ತಂದೆವು. ಡಯಾಲಿಸಿಸ್ ವಿಷಯವನ್ನು ಅಲ್ಲಿ ನಾವು ಹೇಳಲೇ ಇಲ್ಲ. ಬಿಕ್ಕಳಿಕೆಗೂ ಕಿಡ್ನಿಗೂ ಏನು ಸಂಬಂಧ ಎಂದುಕೊಂಡಿದ್ದೆವು. ಮಾರನೆಯ ದಿನ ಮಾಮು ತೊದಲಿದರು. ಮುಮಾನಿಯನ್ನು ತೀರಿಹೋದ ತಮ್ಮ ತಾಯಿಯ ಹೆಸರಿನಿಂದ ಕರೆದರು. ಸಂಜೆಯ ಹೊತ್ತಿಗೆ ಎಬ್ಬಿಸಿದರೂ ಏಳಲಿಲ್ಲ. ಲಕ್ವಾ ಹೊಡೆದಿದೆ ಎಂದು ಮನೆಯವರೆಲ್ಲ ಅಳತೊಡಗಿದರು. ದೊಡ್ಡ ಆಸ್ಪತ್ರೆಗೆ ಒಯ್ದೆವು. ತಲೆಯ ಸ್ಕ್ಯಾನ್ ಮಾಡಿದರು, ಅದರಲ್ಲಿ ಏನೂ ಇರಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಒಬ್ಬ ಎಳೆಯ ವಯಸ್ಸಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈ ವಾರದಾಗ ಹೊಸಾ ಗುಳಿಗಿ ಏನರ ತಗೊಂಡಾರೇನ್ರಿ? ಸ್ಟ್ರಿಪ್ ತರ್ರಿ ಮೊದಲ" ಎಂದರು. ಖಾಲಿಯಾದ ಸ್ಟ್ರಿಪ್ಪನ್ನು ಮುಮಾನಿ ತಿಪ್ಪೆಗೆ ಎಸೆದಿದ್ದರು. ಊರಿಗೆ ಫೋನ್ ಮಾಡಿದೆವು. ನನ್ನ ತಮ್ಮ ಟಾರ್ಚ್ ಹಿಡಿದು ತಿಪ್ಪೆ ಕೆದರಿ ಅದನ್ನು ಹುಡುಕಿ, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದ. ಬ್ಯಾಕ್ಲೊಫೆನ್.

ಬ್ಯಾಕ್ಲೊಫೆನ್ ಸ್ನಾಯುಗಳ ಬಿಗಿತವನ್ನು ಸಡಿಲಿಸುವ ಔಷಧಿ. ನಿಲ್ಲದ ಬಿಕ್ಕಳಿಕೆಗೂ ಕೊಡುತ್ತಾರೆ. ಅದು ಹೆಚ್ಚಾಗಿ ಮೂತ್ರಪಿಂಡದ ಮೂಲಕವೇ ದೇಹದಿಂದ ಹೊರಹೋಗಬೇಕು. ಮೂತ್ರಪಿಂಡ ಕೆಲಸ ಮಾಡದಿದ್ದರೆ ಸಾಮಾನ್ಯ ಪ್ರಮಾಣವೂ ಒಳಗೇ ಉಳಿದು ಅತಿಪ್ರಮಾಣವಾಗುತ್ತದೆ. ಅಂದು ರಾತ್ರಿಯೇ ಡಯಾಲಿಸಿಸ್ ಮಾಡಿದರು, ಮರುದಿನ ಇನ್ನೊಮ್ಮೆ ಮಾಡಿದರು. ಆಮೇಲೆ ಮಾಮು ಎದ್ದು ಕುಳಿತು ಚಹಾ ಕೇಳಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅಂದು ಅವರ ರಕ್ತದಲ್ಲಿ ಈ ಔಷಧಿಯನ್ನು ಅಳೆಯಲು ಯಾರೂ ಕಳುಹಿಸಲಿಲ್ಲ. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಅಂಥ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಕಳುಹಿಸಿದ್ದರೂ ಅಂಕಿ ಬರುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. ಬಂದ ಅಂಕಿ ಭಯಂಕರವಾಗಿ ಕಾಣಬೇಕೆಂದೂ ಇಲ್ಲ, ಏಕೆಂದರೆ ಅವರು ನುಂಗಿದ್ದು ಡಾಕ್ಟರು ಬರೆದಷ್ಟನ್ನೇ. ಆ ಅಂಕಿಗೆ ಅರ್ಥ ಬರುವುದು 'ಈತ ಡಯಾಲಿಸಿಸ್ ರೋಗಿ' ಎಂಬ ಮಾತು ಅದರ ಪಕ್ಕಕ್ಕೆ ಬಂದಾಗ. ಆ ಮಾತನ್ನು ಹೇಳಬೇಕಾಗಿದ್ದವರು ನಾವು.

ಇದಾದ ಮೇಲೆ ನಾನು ಈ ಬಗ್ಗೆ ಸಿಕ್ಕದ್ದನ್ನೆಲ್ಲ ಓದತೊಡಗಿದೆ. ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಸ್ನಾಯು ಸಡಿಲಿಸುವ ಔಷಧಿಗಳಲ್ಲಿ ಎರಡು ಜಾತಿ. ಒಂದು, ಮೆದುಳು ಮತ್ತು ಬೆನ್ನುಹುರಿಯ ಮೇಲೆ ಕೆಲಸ ಮಾಡಿ ಬಿಗಿತ ಇಳಿಸುವಂಥವು. ಬ್ಯಾಕ್ಲೊಫೆನ್, ಟಿಜಾನಿಡಿನ್, ಕ್ಲೋರ್‌ಝೋಕ್ಸಾಝೋನ್ ಮುಂತಾದವು ಈ ಗುಂಪಿನವು. ಕಳೆ ಕಿತ್ತು, ಭತ್ತ ನಾಟಿ ಮಾಡಿ ಸೊಂಟ ಹಿಡಿದವರು ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವಿನ ಗುಳಿಗಿ ಕೊಡ್ರಿ" ಎಂದಾಗ ಸಿಗುವ ಗುಳಿಗೆಗಳಲ್ಲಿ ಇವು ಬಹಳ ಸಲ ಇರುತ್ತವೆ. ಇನ್ನೊಂದು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಳಸುವ ಚುಚ್ಚುಮದ್ದುಗಳು. ಇವು ನರ ಸ್ನಾಯುವನ್ನು ಮುಟ್ಟುವ ಜಾಗದಲ್ಲೇ ಕೆಲಸ ಮಾಡುತ್ತವೆ.

ಆ ಜಾಗವನ್ನು ಕಾಲುವೆಯ ತೂಬಿಗೆ ಹೋಲಿಸಿ ನಮ್ಮ ಮಕ್ಕಳಿಗೆ ಹೇಳುತ್ತೇನೆ. ನಾರಾಯಣಪುರದ ನೀರು ಕಾಲುವೆಯಲ್ಲಿ ಎಷ್ಟೇ ಬರಲಿ, ತೂಬು ತೆರೆಯದೆ ಗದ್ದೆಗೆ ಇಳಿಯದು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದು ತೂಬು ತೆರೆಯುತ್ತದೆ, ಸ್ನಾಯು ಎಳೆದುಕೊಳ್ಳುತ್ತದೆ. ಕೂಡಲೇ ಒಂದು ಕಿಣ್ವ ಆ ರಾಸಾಯನಿಕವನ್ನು ಒಡೆದು ತೂಬು ಮುಚ್ಚುತ್ತದೆ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷ ಈ ತೂಬನ್ನೇ ಕಟ್ಟಿಹಾಕುತ್ತದೆ ಎಂಬುದನ್ನು 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾ. ಹೆರಾಲ್ಡ್ ಗ್ರಿಫಿತ್ ಅದನ್ನು ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ಹೀಗೆ ಬಾಣದ ವಿಷ ಆಪರೇಷನ್ ಕೋಣೆಯ ಔಷಧಿಯಾಯಿತು. ಈ ಗುಂಪಿನ ಔಷಧಿ ನಿದ್ರೆ ತರುವುದಿಲ್ಲ, ಕೈಕಾಲು ಮತ್ತು ಉಸಿರಾಟದ ಸ್ನಾಯುಗಳನ್ನು ಮಾತ್ರ ನಿಲ್ಲಿಸುತ್ತದೆ. ಅದಕ್ಕೇ ಅರಿವಳಿಕೆ ತಜ್ಞರು ಪಕ್ಕದಲ್ಲಿ ನಿಂತು, ಬೇರೆ ಔಷಧಿಯಿಂದ ನಿದ್ರೆ ಬರಿಸಿ, ಯಂತ್ರದಿಂದ ಉಸಿರು ಕೊಡುತ್ತಿರುತ್ತಾರೆ.

ಇವುಗಳಲ್ಲಿ ಸಕ್ಸಿನೈಲ್‌ಕೋಲಿನ್ ಎಂಬುದು ಕೆಲವೇ ನಿಮಿಷ ಕೆಲಸ ಮಾಡುತ್ತದೆ. ರಕ್ತದಲ್ಲಿರುವ ಇನ್ನೊಂದು ಕಿಣ್ವ, ಸೂಡೋಕೋಲಿನೆಸ್ಟರೇಸ್, ಅದನ್ನು ಒಡೆದುಹಾಕುತ್ತದೆ. ಈ ಕಿಣ್ವದ ಹೆಸರು ನಮ್ಮ ಭಾಗದ ಆಸ್ಪತ್ರೆಗಳಿಗೆ ಹೊಸದಲ್ಲ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದಾಗ ಅದು ತೂಬಿನ ಕಿಣ್ವವನ್ನೂ ರಕ್ತದ ಈ ಕಿಣ್ವವನ್ನೂ ಕೆಡಿಸುತ್ತದೆ. ಅಂಥ ರೋಗಿ ಬಂದಾಗ ಡಾಕ್ಟರು ರಕ್ತದಲ್ಲಿ ಅಳೆಸುವುದು ಹೆಚ್ಚಾಗಿ ಇದನ್ನೇ. ಅಂಕಿ ಇಳಿದಿದ್ದರೆ ವಿಷದ ಅನುಮಾನ.

ಆದರೆ ಅಂಕಿ ಇಳಿಯಲು ಬೇರೆ ಕಾರಣಗಳೂ ಇವೆ. ಲಿವರ್ ಕೆಟ್ಟವರಲ್ಲಿ, ಗರ್ಭಿಣಿಯರಲ್ಲಿ, ಹೊಟ್ಟೆಗೆ ಸರಿಯಾಗಿ ಇಲ್ಲದವರಲ್ಲಿ ಅದು ಕಡಿಮೆ ಇರಬಹುದು. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ನಮ್ಮ ಸುರಪುರ, ಶಹಾಪುರ, ಯಾದಗಿರಿ ಪೇಟೆಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡುತ್ತಿರುವ ಆರ್ಯವೈಶ್ಯ ಬಂಧುಗಳನ್ನು ನೀವೆಲ್ಲ ಬಲ್ಲಿರಿ. ದಕ್ಷಿಣ ಭಾರತದ ಈ ಸಮುದಾಯದಲ್ಲಿ ಆ ಕಿಣ್ವದ ವಂಶವಾಹಿಯಲ್ಲಿ ಒಂದು ಬದಲಾವಣೆ ಉಳಿದವರಿಗಿಂತ ಬಹಳ ಹೆಚ್ಚು ಜನರಲ್ಲಿದೆ ಎಂದು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದವರೂ ಸೇರಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಇದು ರೋಗವಲ್ಲ, ಕುಂದೂ ಅಲ್ಲ. ಅವರು ಎಲ್ಲರಂತೆ ಆರೋಗ್ಯವಾಗಿ ಬಾಳುತ್ತಾರೆ. ಆಪರೇಷನ್ ಕೋಣೆಯಲ್ಲಿ ಸಕ್ಸಿನೈಲ್‌ಕೋಲಿನ್ ಕೊಟ್ಟಾಗ ಮಾತ್ರ, ನಿಮಿಷಗಳಲ್ಲಿ ಇಳಿಯಬೇಕಾದ ಔಷಧಿ ಗಂಟೆಗಟ್ಟಲೆ ಇಳಿಯದೆ ಉಸಿರು ಮರಳಲು ತಡವಾಗುತ್ತದೆ. ಈಗ ಯೋಚಿಸಿ. ಆ ಕುಟುಂಬದ ಹುಡುಗನೊಬ್ಬ ಬೇರೇನೋ ಕಾರಣಕ್ಕೆ ಪ್ರಜ್ಞೆ ತಪ್ಪಿ ಬಿದ್ದಾಗ ರಕ್ತ ಪರೀಕ್ಷೆಯಲ್ಲಿ ಕಿಣ್ವ ಇಲ್ಲವೆಂದು ಬಂದರೆ, ಅಂಕಿಯನ್ನಷ್ಟೇ ನೋಡಿದವರು ಅವನು ಕೀಟನಾಶಕ ಕುಡಿದಿದ್ದಾನೆ ಎಂದು ತೀರ್ಮಾನಿಸಿಬಿಡಬಹುದು. ಜೊಲ್ಲು, ಬೆವರು, ಸಣ್ಣಗಾದ ಕಣ್ಣಪಾಪೆ, ಬಾಯಿಯ ವಾಸನೆ ಇವನ್ನೆಲ್ಲ ನೋಡಿದ ವೈದ್ಯರು ಹಾಗೆ ಮಾಡುವುದಿಲ್ಲ. "ನಮ್ಮ ಅಜ್ಜನಿಗೆ ಆಪರೇಷನ್ ಆದಾಗ ಬಹಳ ಹೊತ್ತು ಉಸಿರು ಬರಲಿಲ್ಲ" ಎಂಬ ಮನೆಯ ಹಳೆಯ ಮಾತು ಅಂಥ ಹೊತ್ತಿನಲ್ಲಿ ದೊಡ್ಡ ಸಾಕ್ಷಿ.

ಕೀಟನಾಶಕದ ಬಗ್ಗೆ ಇನ್ನೊಂದು ಮಾತು. ಸೇವಿಸಿದ ಮೊದಲ ದಿನದ ಗಂಡಾಂತರ ದಾಟಿ ರೋಗಿ ಮಾತನಾಡುತ್ತಾನೆ, ಗಂಜಿ ಕುಡಿಯುತ್ತಾನೆ. ಮನೆಯವರು "ಸಾಕು, ಕರ್ಕೊಂಡು ಹೋಗ್ತೀವ್ರಿ" ಎಂದು ಸಹಿ ಹಾಕಿ ಕರೆದೊಯ್ಯುತ್ತಾರೆ. ಆದರೆ ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತಿನ, ತೋಳಿನ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುವ ಇನ್ನೊಂದು ಘಟ್ಟ ಬರಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ವಿವರಿಸಿ ಬರೆದರು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮೊದಲ ಗುರುತುಗಳಲ್ಲಿ ಒಂದು. ಡಾಕ್ಟರು ಇನ್ನೂ ನಾಲ್ಕು ದಿನ ಇರಲಿ ಎಂದರೆ ಅದು ಬಿಲ್ಲಿಗಾಗಿ ಅಲ್ಲ.

ಇನ್ನು ಗುಳಿಗೆಗಳಿಗೆ ಬರೋಣ. ಅತಿಪ್ರಮಾಣ ಎಂದರೆ ಹಿಡಿ ತುಂಬ ನುಂಗುವುದು ಎಂದು ನಾವು ತಿಳಿದಿದ್ದೇವೆ. ಮಾಮುವಿನ ವಿಷಯದಲ್ಲಿ ಹಾಗಿರಲಿಲ್ಲ. ಇನ್ನೊಂದು ಉದಾಹರಣೆ ಟಿಜಾನಿಡಿನ್. ಬೆನ್ನುನೋವಿಗೆ ಇದನ್ನು ತೆಗೆದುಕೊಳ್ಳುತ್ತಿರುವವರು ಭೇದಿ ಆಯಿತೆಂದು, ಉರಿಮೂತ್ರವೆಂದು ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಜೊತೆಗೆ ಸೇರಿಸಿದರೆ, ಲಿವರ್ ಟಿಜಾನಿಡಿನ್ ಅನ್ನು ಒಡೆಯುವುದು ತಡೆಯಾಗಿ ರಕ್ತದಲ್ಲಿ ಅದು ಸುಮಾರು ಹತ್ತು ಪಟ್ಟು ಏರುತ್ತದೆ. ರಕ್ತದೊತ್ತಡ ಕುಸಿದು ವ್ಯಕ್ತಿ ಬೀಳುತ್ತಾನೆ. ಪ್ರಯೋಗಾಲಯದ ಅಂಕಿ ನೋಡಿದವರು ಈತ ಬಹಳ ಗುಳಿಗೆ ನುಂಗಿದ್ದಾನೆ ಎನ್ನುತ್ತಾರೆ. ಅವನು ನುಂಗಿದ್ದು ಒಂದೇ. ಎರಡು ಬೇರೆ ಬೇರೆ ಅಂಗಡಿಯಿಂದ, ಎರಡು ಬೇರೆ ನೋವಿಗೆ.

ಮೈಕೈ ನೋವಿನ ಗುಳಿಗೆಗಳು ಬಹುಪಾಲು ಬೆರಕೆ ಗುಳಿಗೆಗಳು. ಕ್ಲೋರ್‌ಝೋಕ್ಸಾಝೋನ್ ಜೊತೆ ಪ್ಯಾರಾಸಿಟಮಾಲ್ ಮತ್ತು ನೋವಿನ ಮದ್ದು ಒಂದರಲ್ಲೇ ಇರುವುದು ಸಾಮಾನ್ಯ. ಯಾರಾದರೂ ಹೆಚ್ಚು ತೆಗೆದುಕೊಂಡಾಗ ಮಂಪರು ಬರುತ್ತದೆ, ಮಂಪರು ಇಳಿಯುತ್ತದೆ. ಎಚ್ಚರವಾದರಲ್ಲ, ಗಂಡಾಂತರ ಹೋಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಒಳಗಿನ ಪ್ಯಾರಾಸಿಟಮಾಲ್ ಲಿವರಿಗೆ ಮಾಡುವ ಹಾನಿ ಹೊರಗೆ ಕಾಣುವುದು ಒಂದೆರಡು ದಿನ ಬಿಟ್ಟು. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದು ಇದೆ. ಮೊದಲ 8 ಗಂಟೆಯೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ. ಈ 8 ಗಂಟೆ ಕಳೆದುಹೋಗುವುದು ಎಲ್ಲಿ ಎಂದರೆ ನಮ್ಮ ಮನೆಯ ಅಂಗಳದಲ್ಲಿ, "ನಿದ್ದಿ ಮಾಡ್ಲಿ ಬಿಡ್ರಿ, ಏಳ್ತಾನ" ಎನ್ನುವ ಮಾತಿನಲ್ಲಿ.

ಬ್ಯಾಕ್ಲೊಫೆನ್ ಅತಿಪ್ರಮಾಣದ ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ತೀವ್ರವಾದಾಗ ರೋಗಿಯ ಕಣ್ಣಪಾಪೆ ಬೆಳಕಿಗೆ ಸ್ಪಂದಿಸದೆ, ಕೆಮ್ಮು ಬರದೆ, ಮೆದುಳೇ ಸತ್ತಂತೆ ಕಾಣಬಹುದು. ಹಾಗೆ ಕಂಡವರು ಕೆಲವು ದಿನ ಯಂತ್ರದ ಉಸಿರಿನಲ್ಲಿದ್ದು ಪೂರ್ತಿ ಚೇತರಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಆದ್ದರಿಂದಲೇ ಮೆದುಳಿನ ಸಾವು ಎಂದು ಘೋಷಿಸುವ ಮೊದಲು ಇಂಥ ಔಷಧಿಯ ಪ್ರಭಾವ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ಮಂದಿ ವೈದ್ಯರು, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಅವರಿಗೂ ಬೇಕಾದದ್ದು ಅದೇ ಪ್ರಶ್ನೆಯ ಉತ್ತರ: ಏನು ತೆಗೆದುಕೊಂಡಿದ್ದರು?

ಸಾವಿನ ನಂತರದ ಮಾತು ಇನ್ನೂ ಕಠಿಣ. ಮರಣೋತ್ತರ ಪರೀಕ್ಷೆಯಲ್ಲಿ ಜಠರ, ಲಿವರ್, ಮೂತ್ರಪಿಂಡದ ಭಾಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು, ರಕ್ತವನ್ನು ಬೇರೆ ಬಾಟಲಿಯಲ್ಲಿಟ್ಟು, ಮೊಹರು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ನಮಗೆ ಹತ್ತಿರದ್ದು ಕಲಬುರಗಿಯ ಪ್ರಾದೇಶಿಕ ಪ್ರಯೋಗಾಲಯ. ಅಲ್ಲಿಂದ ಬರುವ ಅಂಕಿಯನ್ನು ಜೀವಂತ ರೋಗಿಯ ಅಂಕಿಯಂತೆ ಓದಲಾಗದು. ಸಾವಿನ ನಂತರ ಲಿವರಿನಲ್ಲಿ, ಜಠರದಲ್ಲಿ ಇದ್ದ ಔಷಧಿ ನಿಧಾನವಾಗಿ ಹೃದಯದ ರಕ್ತಕ್ಕೆ ಇಳಿಯುತ್ತದೆ. ಅದೇ ಔಷಧಿ ತೊಡೆಯ ರಕ್ತನಾಳದಲ್ಲಿ ಒಂದು ಅಂಕಿ, ಹೃದಯದಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿ ತೋರಬಹುದು. ನಮ್ಮ ಬೇಸಿಗೆಯಲ್ಲಿ ದೇಹ ಕೆಡುವುದೂ ಬೇಗ. ವರದಿ ಓದುವವರು ರಕ್ತ ಎಲ್ಲಿಂದ ತೆಗೆದದ್ದು, ಎಷ್ಟು ಹೊತ್ತಿನ ಮೇಲೆ ತೆಗೆದದ್ದು ಎಂದು ಮೊದಲು ನೋಡುತ್ತಾರೆ. ಕೆಲವು ಔಷಧಿಗಳು ಗಡಿಯಾರದಂತೆಯೂ ಉಪಯೋಗಕ್ಕೆ ಬರುತ್ತವೆ. ಕ್ಯಾರಿಸೊಪ್ರೊಡಾಲ್ ಎಂಬ ಸ್ನಾಯು ಸಡಿಲಿಕೆ ದೇಹದೊಳಗೆ ಮೆಪ್ರೊಬಮೇಟ್ ಆಗಿ ಮಾರ್ಪಡುತ್ತದೆ. ಮೊದಲನೆಯದು ಹೆಚ್ಚಿದ್ದರೆ ನುಂಗಿ ಹೆಚ್ಚು ಹೊತ್ತಾಗಿಲ್ಲ, ಎರಡನೆಯದೇ ಹೆಚ್ಚಿದ್ದರೆ ಹೊತ್ತಾಗಿದೆ, ಇಲ್ಲವೇ ದಿನವೂ ತೆಗೆದುಕೊಳ್ಳುತ್ತಿದ್ದರು ಎಂದು ಊಹಿಸಬಹುದು. ಊಹೆ ಅಷ್ಟೇ.

ಅಂಕಿಯನ್ನು ನಂಬಿ ಎಡವಿದ ಕಥೆ ಬೇಕೆಂದರೆ ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ ಹೋಗಬೇಕು. ಅಲ್ಲಿ 1967ರಲ್ಲಿ ಕಾರ್ಲ್ ಕೊಪ್ಪೊಲಿನೊ ಎಂಬ ಅರಿವಳಿಕೆ ವೈದ್ಯನಿಗೆ, ಹೆಂಡತಿಯನ್ನು ಸಕ್ಸಿನೈಲ್‌ಕೋಲಿನ್ ಕೊಟ್ಟು ಕೊಂದನೆಂದು ಶಿಕ್ಷೆಯಾಯಿತು. ಆ ಔಷಧಿ ಒಡೆದಾಗ ಸಿಗುವ ವಸ್ತುಗಳು ದೇಹದಲ್ಲಿ ಸಹಜವಾಗಿಯೂ ಇರುತ್ತವಲ್ಲ ಎಂಬ ವಾದ ಆಗಲೇ ಎದ್ದಿತ್ತು. ಮೂರು ದಶಕಗಳಾದ ಮೇಲೆ ಅದೇ ರಾಜ್ಯದಲ್ಲಿ ವಿಲಿಯಂ ಸೈಬರ್ಸ್ ಎಂಬ ವೈದ್ಯನ ಮೇಲೆ ಅಂಥದೇ ಆರೋಪ ಬಂತು. 1991ರಲ್ಲಿ ಹೆಂಡತಿ ತೀರಿಕೊಂಡಿದ್ದರು. ದೇಹದ ಅಂಗಾಂಶದಲ್ಲಿ ಸಕ್ಸಿನೈಲ್‌ಮೊನೊಕೋಲಿನ್ ಸಿಕ್ಕಿದೆ, ಇದು ಆ ಔಷಧಿಯಿಂದಲ್ಲದೆ ಬರಲಾರದು ಎಂದು ಪರಿಣತರು ಸಾಕ್ಷ್ಯ ನುಡಿದರು. 2001ರಲ್ಲಿ ಶಿಕ್ಷೆಯಾಯಿತು. ಆಮೇಲೆ ನೋಡಿದರೆ, ಆ ಔಷಧಿಯನ್ನು ಎಂದೂ ಪಡೆಯದವರ ಮೃತದೇಹಗಳಲ್ಲೂ ಅದೇ ವಸ್ತು ಸಿಕ್ಕಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪರೀಕ್ಷೆಯನ್ನು ನಂಬಲಾಗದೆಂದು ಶಿಕ್ಷೆಯನ್ನು ರದ್ದು ಮಾಡಿತು. ಮರುವಿಚಾರಣೆಯ ಬದಲು ಆತ ಕಡಿಮೆ ತೀವ್ರತೆಯ ಅಪರಾಧಕ್ಕೆ ಒಪ್ಪಿಕೊಂಡು ಹೊರಬಂದ. ನಿಜವಾಗಿ ಏನು ನಡೆಯಿತು ಎಂಬುದು ಹಾಗೇ ಉಳಿಯಿತು. ಇದ್ದದ್ದು ಒಂದು ಅಂಕಿ. ಅದನ್ನು ಹೋಲಿಸಿ ನೋಡಲು ಸಹಜ ದೇಹಗಳ ಅಂಕಿ ಮೊದಲೇ ಇಟ್ಟುಕೊಂಡಿರಬೇಕಾಗಿತ್ತು.

ಇದಕ್ಕೆ ಎದುರಾದ ಸಂಗತಿ ನಮ್ಮ ಬೆಂಗಳೂರಿನದು. ಅದು ಸ್ನಾಯು ಸಡಿಲಿಕೆಯಲ್ಲ, ಅದರ ಜೊತೆಗೆ ಆಪರೇಷನ್ ಕೋಣೆಯಲ್ಲಿ ಬಳಸುವ ನಿದ್ರೆಯ ಔಷಧಿ ಪ್ರೊಪೋಫಾಲ್. 2025ರ ಏಪ್ರಿಲ್‌ನಲ್ಲಿ ಒಬ್ಬ ಯುವ ವೈದ್ಯೆ ತೀರಿಕೊಂಡಾಗ ಅಸಹಜ ಸಾವು ಎಂದಷ್ಟೇ ದಾಖಲಾಗಿತ್ತು. ತವರಿನವರ ಒತ್ತಾಯದಿಂದ ಮರಣೋತ್ತರ ಪರೀಕ್ಷೆ ನಡೆಯಿತು ಎಂದು ಪತ್ರಿಕೆಗಳು ಬರೆದವು. ತಿಂಗಳುಗಳ ನಂತರ ಪ್ರಯೋಗಾಲಯದ ವರದಿಯಲ್ಲಿ ಅಂಗಾಂಗಗಳಲ್ಲಿ ಪ್ರೊಪೋಫಾಲ್ ಇದೆಯೆಂದು ಬಂತು, ಅಕ್ಟೋಬರ್‌ನಲ್ಲಿ ಕೊಲೆ ಆರೋಪದ ಮೇಲೆ ಬಂಧನವಾಯಿತು. ಆರೋಪಿಯನ್ನು ಅಪರಾಧಿ ಎನ್ನುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ. ನಾನು ಹೇಳುವುದು ಇಷ್ಟೇ: ದೇಹವನ್ನು ಪರೀಕ್ಷೆಗೆ ಕೊಡದೆ ಮಣ್ಣು ಮಾಡಿದ್ದರೆ, ಸುಟ್ಟಿದ್ದರೆ, ಓದಲು ಅಂಕಿಯೇ ಇರುತ್ತಿರಲಿಲ್ಲ. ಮನೆಯವರು ಅನುಮಾನವನ್ನು ಬಾಯಿಬಿಟ್ಟು ಹೇಳಿದ್ದರಿಂದ ಅಂಕಿ ಹುಟ್ಟಿತು.

ನಮ್ಮ ಕಡೆ ಮನೆಯವರು ಬಾಯಿಬಿಡುವುದಿಲ್ಲ. ಇದೇ ನನ್ನ ಮಾತಿನ ಮುಖ್ಯ ಭಾಗ, ತಾಯಂದಿರು ದಯವಿಟ್ಟು ಕೇಳಬೇಕು. ಮನೆಯಲ್ಲಿ ಜಗಳವಾಗಿ ಹುಡುಗಿಯೊಬ್ಬಳು ಗುಳಿಗೆ ನುಂಗಿದರೆ ಮೊದಲು ಸ್ಟ್ರಿಪ್ಪು ಒಲೆಗೆ ಹೋಗುತ್ತದೆ. "ಪೊಲೀಸ್ ಕೇಸ್ ಆಗ್ತದ, ಮಾನ ಹೋಗ್ತದ." ಆಸ್ಪತ್ರೆಯಲ್ಲಿ ಜ್ವರ ಎನ್ನುತ್ತೇವೆ, ಚಕ್ಕರ್ ಬಂತು ಎನ್ನುತ್ತೇವೆ. ದಾರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತೇವೆ. ಮಂಪರಿನಲ್ಲಿರುವವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕೇಡು.

ಕಾನೂನು ಈಗ ಹಿಂದಿನಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಹಳೆಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ ನಿಜ, ಅದು ದಾಖಲೆಗಾಗಿ. ಕೇಸು ಬರೆಯುವ ಮೊದಲು ಚಿಕಿತ್ಸೆ ಕೊಡಲೇಬೇಕು, ಸರ್ಕಾರಿ ಇರಲಿ ಖಾಸಗಿ ಇರಲಿ, ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಸುಳ್ಳು ಹೇಳಿ ನಾವು ಉಳಿಸಿಕೊಳ್ಳುವುದು ಏನೂ ಇಲ್ಲ. ಕಳೆದುಕೊಳ್ಳುವುದು ಆ 8 ಗಂಟೆ.

ಆದ್ದರಿಂದ ಹೋಗುವಾಗ ಸ್ಟ್ರಿಪ್ಪು, ಬಾಟಲಿ, ಡಬ್ಬಿ ಏನಿದೆಯೋ ಅದನ್ನು ಚೀಲಕ್ಕೆ ಹಾಕಿಕೊಳ್ಳಿ. ಕೀಟನಾಶಕದ ಡಬ್ಬಿಯಾದರೆ ಬಾಯಿ ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಎಷ್ಟು ಹೊತ್ತಿಗೆ ತೆಗೆದುಕೊಂಡರು, ಎಷ್ಟು ಉಳಿದಿದೆ, ದಿನವೂ ಬೇರೆ ಯಾವ ಗುಳಿಗೆ ನಡೆದಿದೆ, ಕಿಡ್ನಿ ಲಿವರ್ ತೊಂದರೆ ಇದೆಯೇ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬರೆಯಲು ಬಾರದಿದ್ದರೆ ಮನೆಯ ಮಗುವಿನಿಂದ ಬರೆಯಿಸಿ. ಎಂಟನೇ ತರಗತಿಯ ನಮ್ಮ ಮಕ್ಕಳು ಕಳೆದ ತಿಂಗಳು ಮನೆಯ ಗುಳಿಗೆ ಡಬ್ಬಿಯಲ್ಲಿದ್ದ ಹೆಸರುಗಳನ್ನೆಲ್ಲ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದುಕೊಂಡು ಬಂದರು. ಒಬ್ಬ ಹುಡುಗ ಹದಿನೇಳು ಹೆಸರು ತಂದಿದ್ದ, ಅವುಗಳಲ್ಲಿ ನಾಲ್ಕರಲ್ಲಿ ಪ್ಯಾರಾಸಿಟಮಾಲ್ ಇತ್ತು. ಅವನ ಅಜ್ಜಿ ನಾಲ್ಕನ್ನೂ ಬೇರೆ ಬೇರೆ ನೋವಿಗೆಂದು ಇಟ್ಟುಕೊಂಡಿದ್ದರಂತೆ.

ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಫೋನ್ 1800 116 117. ಮನಸ್ಸಿಗೆ ಕಷ್ಟವಾದವರು, ಅವರ ಮನೆಯವರು ಮಾತನಾಡಬಹುದಾದ ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಎರಡನ್ನೂ ಶಾಲೆಯ ಗೋಡೆಯ ಮೇಲೆ ಬರೆಯಿಸಿದ್ದೇವೆ, ಹೋಗುವಾಗ ಬರೆದುಕೊಂಡು ಹೋಗಿ. ಗುಳಿಗೆ ಡಬ್ಬಿ ತಂದಿರುವ ತಾಯಂದಿರು ಚಹಾದ ವೇಳೆಯಲ್ಲಿ ಪಕ್ಕದ ಕೋಣೆಗೆ ಬನ್ನಿ. ನಮ್ಮ ಹುಡುಗಿಯರು ಹೆಸರು ಓದಿ ಚೀಟಿ ಬರೆದುಕೊಡುತ್ತಾರೆ, ಆ ಚೀಟಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ.